ಗೊಂಬೆ ಚಿಕ್ಕದಾಗಲಿ, ಕೋಟೆ ಚಿಕ್ಕದಾಗದಿರಲಿ

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಪ್ರೌಢಶಾಲೆಗಳ ಸಮಾಜ ವಿಜ್ಞಾನ ಶಿಕ್ಷಕ ಶಿಕ್ಷಕಿಯರಿಗೆ,

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಇಲಾಖೆಯ ಲೆಕ್ಕದಲ್ಲಿ ನೀವೆಲ್ಲ ಒಂದೇ ಶೈಕ್ಷಣಿಕ ಜಿಲ್ಲೆಯವರು. ಈ ನಾಲ್ಕು ತಾಲ್ಲೂಕುಗಳಲ್ಲಿ ಕೋಟೆಯಿಲ್ಲದ್ದು ಒಂದೂ ಇಲ್ಲ. ಮಧುಗಿರಿಯ ಏಕಶಿಲಾ ಬೆಟ್ಟ ಎಲ್ಲರಿಗೂ ಗೊತ್ತು. ಅದೇ ತಾಲ್ಲೂಕಿನಲ್ಲಿ ಮಿಡಿಗೇಶಿಯಿದೆ, ಕೊರಟಗೆರೆಯ ಕಡೆಗೆ ಚನ್ನರಾಯನದುರ್ಗ, ಪಾವಗಡದಲ್ಲಿ ಊರ ಮೇಲಿನ ಬೆಟ್ಟ ಮತ್ತು ನಿಡಗಲ್ಲು, ಶಿರಾದಲ್ಲಿ ಬಯಲಿನ ನಡುವೆ ಕಂದಕದ ಕೋಟೆ. ಆದರೂ ಮೈಸೂರು ಯುದ್ಧಗಳ ಪಾಠ ಬಂದಾಗ ನಮ್ಮ ಮಕ್ಕಳು ಶ್ರೀರಂಗಪಟ್ಟಣದ ಚಿತ್ರ ನೋಡಿ ಇಸವಿಗಳನ್ನು ಬಾಯಿಪಾಠ ಮಾಡುತ್ತಾರೆ. ಅದೇ ಹೈದರ್, ಅದೇ ಟಿಪ್ಪು, ಅದೇ ಮರಾಠರು ತಮ್ಮ ಶಾಲೆಯ ಕಿಟಕಿಗೆ ಕಾಣುವ ಬೆಟ್ಟಕ್ಕಾಗಿ ಕಾದಾಡಿದರು ಎಂಬುದು ಅವರ ಮನಸ್ಸಿಗೆ ಇಳಿಯುವುದಿಲ್ಲ. ಇದು ಇಳಿಯಲು ಒಂದು ದಾರಿಯಿದೆ ಎಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ.

ಆ ದಾರಿ ಒಂದು ಆಟ. ಮೇಜಿನ ಮೇಲೆ ನೆಲವನ್ನು ಮಾದರಿ ಮಾಡಿ, ಪುಟ್ಟ ಸೈನಿಕರ ಗೊಂಬೆಗಳನ್ನು ಎರಡು ಪಕ್ಷವಾಗಿ ನಿಲ್ಲಿಸಿ, ಟೇಪು ಹಿಡಿದು ಅಳೆದು ನಡೆಸುತ್ತ, ದಾಳ ಹಾಕಿ ಹೊಡೆತದ ಫಲ ತಿಳಿಯುವ ಆಟ. ಪ್ರಷ್ಯದ ಸೇನಾಧಿಕಾರಿಗಳು 1824ರಿಂದ ಇಂಥದ್ದನ್ನು ನಕ್ಷೆಯ ಮೇಲೆ ಆಡಿ ಯುದ್ಧ ಕಲಿತರು. ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕ ಬರೆದು, ಅದನ್ನು ಮನೆಯ ನೆಲದ ಮೇಲೆ ಆಟಿಕೆ ಸೈನಿಕರೊಡನೆ ಯಾರು ಬೇಕಾದರೂ ಆಡುವಂತೆ ಮಾಡಿದ. ಇದರಲ್ಲೇ ಒಂದು ಬಗೆ ಚಕಮಕಿಯ ಆಟ. ದೊಡ್ಡ ಸೈನ್ಯವಲ್ಲ, ಒಂದೊಂದು ಕಡೆ ಇಪ್ಪತ್ತು ಮೂವತ್ತು ಜನ. ಒಂದು ಗೊಂಬೆಗೆ ಒಬ್ಬ ಮನುಷ್ಯ. ಪಾಳೇಗಾರರ ಕಾಲದ ನಮ್ಮ ಸೀಮೆಯ ಜಗಳಗಳಿಗೆ ಇದಕ್ಕಿಂತ ಹೊಂದುವ ಆಟ ನನಗೆ ಕಾಣದು. ಒಂದು ಬಾಗಿಲು, ಒಂದು ಕಣಿವೆ, ಒಂದು ಬಾವಿ ಯಾರ ಕೈಲಿದೆ ಎಂಬುದರ ಮೇಲೆ ಇಡೀ ದುರ್ಗದ ಹಣೆಬರಹ ನಿಲ್ಲುತ್ತಿದ್ದ ಕಾಲ ಅದು.

ತೊಡಕು ಇರುವುದು ಅಳತೆಯಲ್ಲಿ. ಇಂದು ಸಿಗುವ ಚಕಮಕಿ ಆಟದ ನಿಯಮಗಳಲ್ಲಿ ಹೆಚ್ಚಿನವು 28 ಮಿಲಿಮೀಟರ್ ಎತ್ತರದ ಗೊಂಬೆಗಳಿಗಾಗಿ ಬರೆದವು. ಅವು ಹೊರದೇಶದಿಂದ ಬರಬೇಕು, ಸರ್ಕಾರಿ ಶಾಲೆಯ ಕೈಗೆಟುಕುವ ಬೆಲೆಯವಲ್ಲ. ನಮ್ಮ ಮಕ್ಕಳೇ ಮಾಡಿಕೊಳ್ಳಬಹುದಾದದ್ದು ಒಂದು ಸೆಂಟಿಮೀಟರ್ ಎತ್ತರದ ಗೊಂಬೆ: ಪೊರಕೆ ಕಡ್ಡಿಯ ತುಂಡಿಗೆ ಎಂ-ಸೀಲ್ ಮೆತ್ತಿ ಮೈ, ತಲೆಯ ಮೇಲೆ ಚೂರು ಮುಂಡಾಸು, ಊದುಬತ್ತಿ ಕಡ್ಡಿಯ ಸೀಳು ಈಟಿ ಅಥವಾ ಕೋವಿ. ಪ್ರತಿಭಾ ಕಾರಂಜಿಯಲ್ಲಿ ಮಣ್ಣಿನ ಮಾದರಿ ಮಾಡಿ ಗೆಲ್ಲುವ ಮಕ್ಕಳು ಪ್ರತಿ ಶಾಲೆಯಲ್ಲೂ ಇದ್ದಾರೆ. ಅವರಿಗೆ ಇದು ಕಷ್ಟದ ಕೆಲಸವಲ್ಲ. ಆದರೆ 28 ಮಿಲಿಮೀಟರಿನ ನಿಯಮವನ್ನು 10 ಮಿಲಿಮೀಟರಿನ ಗೊಂಬೆಗೆ ಹೊಂದಿಸುವುದು ಹೇಗೆ? ನನ್ನ ಪತ್ರದ ಮುಖ್ಯ ಮಾತು ಇದೇ. ದಯವಿಟ್ಟು ಸ್ವಲ್ಪ ಲೆಕ್ಕ ಸಹಿಸಿಕೊಳ್ಳಿ.

ಸಾಮಾನ್ಯವಾಗಿ ಎಲ್ಲರೂ ಹೇಳಿಕೊಡುವ ಉಪಾಯ ಒಂದಿದೆ. ನಿಯಮದಲ್ಲಿ ಇಂಚು ಎಂದಿರುವಲ್ಲೆಲ್ಲ ಸೆಂಟಿಮೀಟರ್ ಎಂದು ಓದಿಕೊಳ್ಳಿ, ಮುಗಿಯಿತು. ಇದರ ಹಿಂದೆ ನ್ಯಾಯವಿದೆ. ಇಂಚೆಂದರೆ 2.54 ಸೆಂಟಿಮೀಟರ್, 28ನ್ನು 2.54ರಿಂದ ಭಾಗಿಸಿದರೆ 11. ಅಂದರೆ ಗೊಂಬೆ ಎಷ್ಟು ಕುಗ್ಗಿತೋ ದೂರವೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ನಾಲ್ಕಡಿಗೆ ಆರಡಿಯ ಮೇಜು ಬೇಡುತ್ತಿದ್ದ ಆಟ 48ಕ್ಕೆ 72 ಸೆಂಟಿಮೀಟರಿಗೆ ಇಳಿಯುತ್ತದೆ. ಎರಡು ಡೆಸ್ಕು ಜೋಡಿಸಿದರೆ ಜಾಗ ಸಾಕು. 15 ಮಿಲಿಮೀಟರಿನ ಗೊಂಬೆ ಸಿಕ್ಕರೆ ಎಲ್ಲ ದೂರವನ್ನೂ ಅರ್ಧ ಮಾಡಿ. ಒಂದು ಬಾಗಿಲ ಮುಂದಿನ ಕೈಕೈ ಕಾಳಗಕ್ಕೆ ಇಷ್ಟು ಬೇಕಾದಷ್ಟಾಯಿತು.

ಆದರೆ ಇಷ್ಟಕ್ಕೇ ನಿಂತರೆ ಚಿಕ್ಕ ಗೊಂಬೆಯ ನಿಜವಾದ ಲಾಭ ಕೈತಪ್ಪುತ್ತದೆ. ಒಂದೂ ಮುಕ್ಕಾಲು ಮೀಟರಿಗೆ ಸ್ವಲ್ಪ ಕಡಿಮೆ ಎತ್ತರದ ಮನುಷ್ಯನನ್ನು 28 ಮಿಲಿಮೀಟರಿಗೆ ಇಳಿಸಿದರೆ ಅವನು ಅರವತ್ತನೇ ಒಂದು ಭಾಗವಾದ. 10 ಮಿಲಿಮೀಟರಿಗೆ ಇಳಿಸಿದರೆ 165ನೇ ಒಂದು ಭಾಗ. ಆರಡಿಯ ಮೇಜು 28 ಮಿಲಿಮೀಟರಿನ ಸೈನಿಕನಿಗೆ ಬರೀ 110 ಮೀಟರಿನ ನೆಲ. 10 ಮಿಲಿಮೀಟರಿನವನಿಗೆ ಅದೇ ಮೇಜು 300 ಮೀಟರ್. ಈಗ ಕೋವಿಯನ್ನು ನೋಡಿ. ಬತ್ತಿ ಹೊತ್ತಿಸಿ ಹಾರಿಸುತ್ತಿದ್ದ ಆ ಕಾಲದ ಕೋವಿಯಿಂದ ಗುರಿ ಹಿಡಿದು ಹೊಡೆಯಬಹುದಾಗಿದ್ದ ದೂರ ನೂರು ಮೀಟರಿನ ಆಸುಪಾಸು. ನಿಯಮಗಳಲ್ಲಿ ಕೋವಿಗೆ ಸಾಮಾನ್ಯವಾಗಿ ಕೊಡುವ ದೂರ 24 ಇಂಚು, ಅಂದರೆ 61 ಸೆಂಟಿಮೀಟರ್. ದೊಡ್ಡ ಗೊಂಬೆಯ ಅಳತೆಯಲ್ಲಿ ಅದು 37 ಮೀಟರಿಗೆ ನಿಂತುಹೋಗುತ್ತದೆ. ಮೇಜಿನ ಮೇಲೆ ಹಿಡಿಸಲೆಂದು ಕೋವಿಯ ಬಲವನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಿದ್ದಾರೆ. 10 ಮಿಲಿಮೀಟರಿನ ಗೊಂಬೆಗೆ ಅದೇ 24 ಇಂಚನ್ನು ಹಾಗೆಯೇ ಬಿಟ್ಟರೆ ಅದು ಸರಿಯಾಗಿ ನೂರು ಮೀಟರ್.

ನಡಿಗೆಯೂ ಹಾಗೆಯೇ. ಒಂದು ಸರದಿಗೆ ಆರು ಇಂಚು ನಡೆಯಬಹುದು ಎಂಬ ನಿಯಮ ದೊಡ್ಡ ಗೊಂಬೆಗೆ ಒಂಬತ್ತು ಮೀಟರ್, ಕೆಲವೇ ಸೆಕೆಂಡುಗಳ ಹೆಜ್ಜೆ. ಅಷ್ಟು ಹೊತ್ತಿನಲ್ಲಿ ಯಾರೂ ಕೋವಿಗೆ ಮದ್ದು ತುಂಬಿ ಮುಗಿಸಲಾರರು. ಆದರೂ ಆಟ ಬೇಗ ಸಾಗಲೆಂದು ಹೆಚ್ಚಿನ ನಿಯಮಗಳು ಪ್ರತಿ ಸರದಿಗೂ ಗುಂಡು ಹಾರಿಸಲು ಬಿಡುತ್ತವೆ. ಚಿಕ್ಕ ಗೊಂಬೆಗೆ ಅದೇ ಆರು ಇಂಚು 25 ಮೀಟರ್. ಕಲ್ಲು ಮುಳ್ಳಿನ ನೆಲದಲ್ಲಿ ಗುರಾಣಿ ಹಿಡಿದವನು ಅಷ್ಟು ದೂರ ಸಾಗುವಷ್ಟರಲ್ಲಿ ಕೋವಿಯವನ ಕೆಲಸ ಅರ್ಧ ಆಗಿರುತ್ತದೆ. ಹಾಗಾಗಿ ಒಂದು ಸರದಿ ಹಾರಿಸು, ಮುಂದಿನ ಸರದಿ ತುಂಬು ಎಂಬ ನಿಯಮ ಇಲ್ಲಿ ನಿಜಕ್ಕೆ ಹತ್ತಿರವಾಗುತ್ತದೆ. ಕೋವಿಯವನು ತುಂಬುತ್ತಿರುವಾಗ ಈಟಿಯವನು ಎಷ್ಟು ದೂರ ಓಡಿಬರಬಲ್ಲ ಎಂಬ ಆತಂಕ ಮಕ್ಕಳ ಅನುಭವಕ್ಕೆ ಬರುತ್ತದೆ. ಆದ್ದರಿಂದ ನನ್ನ ಸಲಹೆ ಸ್ಪಷ್ಟ. ಬಾಗಿಲ ಕಾಳಗಕ್ಕೆ ಸೆಂಟಿಮೀಟರ್ ಹಿಡಿಯಿರಿ. ಬೆಟ್ಟದ ಕಾಳಗಕ್ಕೆ ಗೊಂಬೆಯನ್ನು ಮಾತ್ರ ಕುಗ್ಗಿಸಿ, ಇಂಚನ್ನು ಮುಟ್ಟಬೇಡಿ.

ಹೀಗೆ ಮಾಡಿದಾಗ ಬೇರೆ ಕೆಲವು ನಿಯಮಗಳು ಸಡಿಲವಾಗುತ್ತವೆ. ಅವನ್ನು ಬಿಗಿ ಮಾಡಬೇಕು. ಉದ್ದ ಅಗಲ ಎರಡೂ ಹಿಗ್ಗಿದ್ದರಿಂದ ನೆಲದ ವಿಸ್ತಾರ ಏಳೂವರೆ ಪಟ್ಟು ಹೆಚ್ಚುತ್ತದೆ. ಅದರಲ್ಲಿ ಇಪ್ಪತ್ತು ಜನ ಅಲ್ಲೊಬ್ಬ ಇಲ್ಲೊಬ್ಬ ಕಾಣುತ್ತಾರೆ. ಜೊತೆಗೆ, ಗೊಂಬೆ ಎಷ್ಟೇ ಚಿಕ್ಕದಾದರೂ ಅದನ್ನು ಎತ್ತಿಡುವ ಬೆರಳು ಚಿಕ್ಕದಾಗುವುದಿಲ್ಲ. ಒಂದು ಸೆಂಟಿಮೀಟರಿನ ಗೊಂಬೆಯನ್ನು ಬಿಡಿಯಾಗಿ ಎತ್ತುತ್ತ ಹೋದರೆ ಈಟಿ ಮುರಿಯುತ್ತದೆ, ಪಕ್ಕದ್ದು ಬೀಳುತ್ತದೆ, ಅಳತೆ ತಪ್ಪುತ್ತದೆ. ಎರಡಕ್ಕೂ ಮದ್ದು ಒಂದೇ: ಸುಮಾರು 22 ಮಿಲಿಮೀಟರ್ ಅಗಲದ ರಟ್ಟಿನ ಬಿಲ್ಲೆ ಕತ್ತರಿಸಿ ಅದರ ಮೇಲೆ ಮೂವರನ್ನು ಅಂಟಿಸಿ. ನಮ್ಮ ಅಳತೆಯಲ್ಲಿ ಆ ಬಿಲ್ಲೆ ಮೂರೂವರೆ ಮೀಟರಿಗೆ ಸ್ವಲ್ಪ ಮೇಲೆ. ಮೂರು ಜನ ಆಯುಧ ಬೀಸುತ್ತ ನಿಲ್ಲಲು ಅಷ್ಟು ಜಾಗ ಬೇಕೇ ಬೇಕು. ಗೊಂಬೆ ಸತ್ತಾಗ ಕಿತ್ತು ತೆಗೆಯುವಂತಿಲ್ಲವಲ್ಲ. ಬಿಲ್ಲೆಯ ಪಕ್ಕ ಒಂದು ಹುರುಳಿ ಕಾಳು ಇಡಿ. ಮೂರು ಕಾಳಾದಾಗ ಬಿಲ್ಲೆ ಹೊರಗೆ.

ಬಿಲ್ಲೆ ಬಂದ ಮೇಲೆ ಧೈರ್ಯದ ನಿಯಮವೂ ಬದಲಾಗುತ್ತದೆ. ಮೂಲದಲ್ಲಿ ಒಬ್ಬೊಬ್ಬನೂ ಹೆದರುತ್ತಾನೋ ನಿಲ್ಲುತ್ತಾನೋ ಎಂದು ದಾಳ ಕೇಳಬೇಕು. ಈಗ ಬಿಲ್ಲೆಯೊಂದಕ್ಕೆ ಒಂದೇ ಸಲ ಕೇಳಿ. ಓಡಿದರೆ ಮೂವರೂ ಓಡುತ್ತಾರೆ. ಇದರಿಂದ ಅದೃಷ್ಟದ ಏರಿಳಿತ ಜೋರಾಗುತ್ತದೆ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ನಮ್ಮ ಪಾಳೇಗಾರರ ಕಾಲಾಳುಗಳಲ್ಲಿ ಬಹುಪಾಲು ಹೊಲ ಬಿಟ್ಟು ಬಂದ ಊರಿನವರು. ಅಣ್ಣ ನಿಂತರೆ ತಮ್ಮ ನಿಲ್ಲುತ್ತಾನೆ, ಊರಿನವರು ಹಿಂದೆ ಸರಿದರೆ ಒಬ್ಬನೇ ನಿಲ್ಲುವುದಿಲ್ಲ. ಹಾಗಾಗಿ ಈ ಏರಿಳಿತವನ್ನು ನಾನು ದೋಷವೆಂದು ಎಣಿಸುವುದಿಲ್ಲ. ಒಂದೊಂದು ಬಿಲ್ಲೆಗೂ ನಿಮ್ಮ ಹೋಬಳಿಯ ಒಂದೊಂದು ಹಳ್ಳಿಯ ಹೆಸರಿಡಿ ಎಂಬುದು ನನ್ನ ವಿನಂತಿ.

ನಾಯಕನ ಮಾತು ಎಷ್ಟು ದೂರ ಕೇಳಿಸುತ್ತದೆ ಎಂಬುದಕ್ಕೂ ನಿಯಮಗಳಲ್ಲಿ ಅಳತೆಯಿರುತ್ತದೆ, ಬಹುಮಟ್ಟಿಗೆ ಆರು ಇಂಚು. ನಮ್ಮಲ್ಲಿ ಅದು 25 ಮೀಟರ್. ಗದ್ದಲದ ನಡುವೆ ಕೂಗು ತಲುಪಲು ಅದಕ್ಕಿಂತ ಹೆಚ್ಚು ಕೊಡಬಾರದು. ಆದರೆ ನಾಯಕನ ಪಕ್ಕ ಕೊಂಬು ಊದುವವನೊಬ್ಬನನ್ನು ನಿಲ್ಲಿಸಿದರೆ ದೂರವನ್ನು ಎರಡು ಪಟ್ಟು ಮಾಡಿ. ಎದುರಾಳಿ ಮೊದಲು ಕೊಂಬಿನವನನ್ನೇ ಹುಡುಕುತ್ತಾನೆ. ಏಕೆಂದು ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಕಣ್ಣಿಗೆ ಕಾಣುವುದು, ಕಾಣದಿರುವುದು. ದೊಡ್ಡ ಗೊಂಬೆಯ ಆಟದಲ್ಲಿ ಬಗ್ಗಿ, ಗೊಂಬೆಯ ಕಣ್ಣಿನ ಮಟ್ಟದಿಂದ ನೋಡಿ, ಶತ್ರು ಕಾಣುತ್ತಾನೋ ಇಲ್ಲವೋ ತೀರ್ಮಾನಿಸುತ್ತಾರೆ. ಒಂದು ಸೆಂಟಿಮೀಟರಿನ ಗೊಂಬೆಯಲ್ಲಿ ಅದು ಜಗಳಕ್ಕೆ ದಾರಿ. ನೆಲವೇ ತೀರ್ಮಾನ ಹೇಳುವಂತೆ ಮಾಡಿ. ಹಸಿರು ಬಳಿದ ಜಾಗ ಮುಳ್ಳಿನ ಪೊದೆ. ಒಳಗಿರುವವನು ಮೂರು ಇಂಚಿಗಿಂತ ಆಚೆಯಿಂದ ಕಾಣಿಸುವುದಿಲ್ಲ. ಬೂದು ಬಳಿದದ್ದು ಗುಂಡುಗಲ್ಲು. ಮರೆಯೂ ಹೌದು, ನಡಿಗೆಗೆ ಅಡ್ಡಿಯೂ ಹೌದು. ಮೇಲಿನ ಹಂತದವನಿಗೆ ಕೆಳಗಿನ ಹಂತ ಕಾಣುತ್ತದೆ. ಕೆಳಗಿನವನಿಗೆ ಮೇಲಿನ ಹಂತದ ಅಂಚು ಮಾತ್ರ.

ಹಂತ ಎಂದೆನಲ್ಲ, ಅದು ಮಧುಗಿರಿಗಾಗಿ ಬೇಕು. ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಪೇಟೆಯಿಂದ ಎಣಿಸಿದರೂ 400 ಮೀಟರಿನ ಏರು. 165ರಿಂದ ಭಾಗಿಸಿದರೆ ಮಾದರಿಯ ಎತ್ತರ ಎರಡೂವರೆ ಮೀಟರಿನ ಹತ್ತಿರ ಬರುತ್ತದೆ; ಕೊಠಡಿಯಲ್ಲಿ ಹಿಡಿಸದು. ಎತ್ತರಕ್ಕೆ ಬೇರೆಯದೇ ಅಳತೆ ಹಿಡಿಯಬೇಕು. ಕೋಟೆಯ ಬಾಗಿಲುಗಳೇ ಅದಕ್ಕೆ ನೆರವಾಗುತ್ತವೆ: ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು. ಬಾಗಿಲಿಂದ ಬಾಗಿಲಿಗೆ ಒಂದು ಹಂತ, ಹಂತಕ್ಕೊಂದು ಥರ್ಮಾಕೋಲ್ ಹಲಗೆ. ಹತ್ತುವಾಗ ನಡಿಗೆ ಅರ್ಧ. ಬಂಡೆಯಲ್ಲಿ ಕಾಲಿಡಲಷ್ಟೇ ಕಚ್ಚು ಕೊರೆದಿರುವ ಕಡಿದಾದ ಜಾಗಗಳಲ್ಲಿ ಒಂದರ ಹಿಂದೆ ಒಂದೇ ಬಿಲ್ಲೆ ಹೋಗಬೇಕು, ಸರದಿಗೆ ಎರಡು ಇಂಚು ಮಾತ್ರ, ಗುಂಡು ಹಾರಿಸುವಂತಿಲ್ಲ. ಮೇಲಿದ್ದವರಿಗೆ ಉರುಳುಗಲ್ಲಿನ ಅವಕಾಶ ಕೊಡಿ, ಹಂತಕ್ಕೆ ಒಂದೇ ಸಲ. ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ದು ಯಾವ ಜಾಗದಲ್ಲಿ ಎಷ್ಟು ಜನ ಒಟ್ಟಿಗೆ ನಿಲ್ಲಬಹುದು, ಎಲ್ಲಿ ನಿಂತರೆ ಕೆಳಗಿನ ಬಾಗಿಲು ಕಾಣುತ್ತದೆ, ನೀರಿನ ದೊಣೆ ಎಲ್ಲಿದೆ ಎಂದು ಬರೆದುಕೊಳ್ಳಲು ಹೇಳಿ. ಆ ಟಿಪ್ಪಣಿಯಿಂದ ಹುಟ್ಟಿದ ನಿಯಮ ಯಾವ ಅಚ್ಚಾದ ಪುಸ್ತಕದ ನಿಯಮಕ್ಕಿಂತಲೂ ಮೇಲು. ಸ್ಮಾರಕದ ಒಂದು ಕಲ್ಲನ್ನೂ ಅಲುಗಿಸಬಾರದು, ಒಂದು ಅಕ್ಷರವನ್ನೂ ಗೀಚಬಾರದು ಎಂಬ ಪಾಠವೂ ಅಲ್ಲೇ ಆಗಲಿ.

ದಾಳಕ್ಕೆ ಅಂಗಡಿಗೆ ಹೋಗಬೇಕಿಲ್ಲ. ಚೌಕಾಬಾರದ ನಾಲ್ಕು ಕವಡೆ ಸಾಕು. ನಾಲ್ಕು ಕವಡೆ ಬೀಳುವ ರೀತಿ ಹದಿನಾರು. ಬಿಲ್ಲೆಯ ಮೂವರೂ ಗುಂಡು ಹಾರಿಸಿದರೆ, ಒಬ್ಬೊಬ್ಬನ ಗುಂಡು ತಗಲುವ ಸಂಭವ ಮೂರರಲ್ಲೊಂದು ಎಂದು ಹಿಡಿದಾಗ, ಕನಿಷ್ಠ ಒಂದಾದರೂ ತಗಲುವ ಸಂಭವ ನೂರಕ್ಕೆ 70. ಎರಡು ಅಥವಾ ಹೆಚ್ಚು ಕವಡೆ ಅಂಗಾತ ಬೀಳುವ ಸಂಭವ ಹದಿನಾರರಲ್ಲಿ ಹನ್ನೊಂದು, ನೂರಕ್ಕೆ 69. ಉಳಿದವನು ಒಬ್ಬನೇ ಆದರೆ ನೂರಕ್ಕೆ 33 ಬೇಕು. ಮೂರು ಅಥವಾ ನಾಲ್ಕು ಅಂಗಾತ ಬೀಳುವುದು ನೂರಕ್ಕೆ 31. ಇಬ್ಬರಿದ್ದಾಗ ನೂರಕ್ಕೆ 56 ಬೇಕು. ಬೆಸಸಂಖ್ಯೆಯ ಕವಡೆ ಇಲ್ಲವೇ ನಾಲ್ಕೂ ಅಂಗಾತ ಬಿದ್ದರೆ ತಗಲಿತು ಎಂದರೆ ಹದಿನಾರರಲ್ಲಿ ಒಂಬತ್ತು, ನೂರಕ್ಕೆ 56. ಒಂದೇ ಸುತ್ತಿನಲ್ಲಿ ಇಬ್ಬರು ಮೂವರು ಬೀಳುವುದನ್ನು ಇಲ್ಲಿ ಕೈಬಿಟ್ಟಿದ್ದೇನೆ, ಆಟ ಸರಳವಾಗಿರಲೆಂದು. ನಾಲ್ಕೂ ಬೋರಲು ಬಿದ್ದರೆ ಮದ್ದು ಹತ್ತಲಿಲ್ಲ, ಇನ್ನೊಂದು ಸರದಿ ನಷ್ಟ. ಕವಡೆ ನಿಜಕ್ಕೂ ಎರಡು ಕಡೆಗೂ ಸಮನಾಗಿ ಬೀಳುವುದಿಲ್ಲ. ನೂರು ಸಲ ಎಸೆದು ಬರೆದಿಡಲು ಹೇಳಿದರೆ ಹತ್ತನೇ ತರಗತಿಯ ಸಂಭವನೀಯತೆಯ ಅಧ್ಯಾಯಕ್ಕೆ ಗಣಿತದ ಮೇಷ್ಟರೂ ನಿಮ್ಮ ಜೊತೆ ಸೇರುತ್ತಾರೆ.

ಯಾವ ಕಾಳಗ ಆಡಬೇಕು? ಮಧುಗಿರಿಯವರಿಗೆ ನಾನು 1767ನ್ನು ಸೂಚಿಸುತ್ತೇನೆ. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅಲಿ ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಮಗನನ್ನೂ ಇದೇ ಬೆಟ್ಟದ ಮೇಲೆ ಸೆರೆಯಿಟ್ಟ. ನಾಲ್ಕು ವರ್ಷದ ಮೇಲೆ ಪೇಶ್ವೆ ಮಾಧವರಾಯನ ಸೈನ್ಯ ಕೋಟೆ ಹಿಡಿದು ಅವರನ್ನು ಬಿಡಿಸಿತು. ಈ ಆಟದಲ್ಲಿ ಎಷ್ಟು ಜನರನ್ನು ಕೊಂದಿರಿ ಎಂಬ ಲೆಕ್ಕವೇ ಬೇಡ. ರಾಣಿಯ ಬಿಲ್ಲೆ ಮೇಲಿನ ಹಂತದಿಂದ ಪೇಟೆಯ ಅಂಚಿಗೆ ಸುರಕ್ಷಿತವಾಗಿ ಇಳಿಯಿತೇ ಇಲ್ಲವೇ, ಅಷ್ಟೇ ಗೆಲುವು ಸೋಲು. ಇಸವಿ, ಹೆಸರು, ಜಾಗ ಇತಿಹಾಸದ್ದು. ಬಿಲ್ಲೆಗಳ ಓಡಾಟ ನಮ್ಮ ಊಹೆಯದ್ದು. ಆಟದ ವರದಿ ಬರೆಸುವಾಗ ಇವೆರಡನ್ನೂ ಎರಡು ಬಣ್ಣದ ಶಾಯಿಯಲ್ಲಿ ಬರೆಸಿ.

ಶಿರಾದವರ ಸಂಗತಿ ಬೇರೆ. ಅಲ್ಲಿ ಏರಿಲ್ಲ, ಬಯಲಿದೆ, ಕುದುರೆಗೆ ಕೆಲಸವಿದೆ. ರತ್ನಗಿರಿಯ ರಂಗಪ್ಪನಾಯಕ ಶುರುಮಾಡಿದ ಆ ಕೋಟೆಯನ್ನು 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಹಿಡಿದ. 1687ರಲ್ಲಿ ಮೊಗಲರು ಅದನ್ನು ಸುಬೆಯ ರಾಜಧಾನಿ ಮಾಡಿದರು. 1757ರಲ್ಲಿ ಮರಾಠರು, 1761ರಲ್ಲಿ ಹೈದರ್, ಮತ್ತೆ ಮರಾಠರು, 1774ರಲ್ಲಿ ಟಿಪ್ಪು. ಮಾದರಿ ಒಂದೇ ಸಾಕು. ಪ್ರತಿ ವಾರ ಒಳಗಿರುವವರೂ ಹೊರಗಿರುವವರೂ ಬದಲಾಗುತ್ತ ಹೋಗಲಿ. ಕುದುರೆಗೆ ಸರದಿಗೆ ಹನ್ನೆರಡು ಇಂಚು ಕೊಡಿ, ಕಂದಕದ ಬಳಿ ಅದು ಸವಾರನನ್ನು ಇಳಿಸಿ ನಿಲ್ಲಲೇಬೇಕು. ಕೊರಟಗೆರೆಯವರು ಚನ್ನರಾಯನದುರ್ಗವನ್ನು ಹಿಡಿಯಲಿ. ಪಾವಗಡದವರಿಗೆ ನಿಡಗಲ್ಲಿನ ಬೆಟ್ಟವಿದೆ. ಅಲ್ಲಿನ ಎಷ್ಟೋ ಮಕ್ಕಳ ಮನೆಮಾತು ತೆಲುಗಾದ್ದರಿಂದ ನಿಯಮಗಳನ್ನು ಒಂದೇ ಹಾಳೆಗೆ ಇಳಿಸಿ, ಆಡುತ್ತ ಆಡುತ್ತ ಬಾಯಲ್ಲೇ ಹೇಳಿಕೊಡುವುದು ಒಳ್ಳೆಯದು.

ಉಡುಪಿನ ಬಣ್ಣಕ್ಕೆ ಎರಡು ಕಡೆ ನೋಡಿ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಕದನದ ದೊಡ್ಡ ಚಿತ್ರವಿದೆ. ನಮ್ಮ ಹತ್ತಿರದಲ್ಲೇ ಸೀಬಿಯ ನರಸಿಂಹಸ್ವಾಮಿ ದೇವಸ್ಥಾನದಲ್ಲೂ ಹಳೆಯ ವರ್ಣಚಿತ್ರಗಳಿವೆ. ಒಂದು ಸೆಂಟಿಮೀಟರಿನ ಗೊಂಬೆಗೆ ಕಣ್ಣು ಮೀಸೆ ಬರೆಯುವ ಶ್ರಮ ಬೇಡ. ಮುಂಡಾಸು, ನಡುಕಟ್ಟು ಎರಡರ ಬಣ್ಣ ಸರಿಯಿದ್ದರೆ ಒಂದು ಮಾರು ದೂರದಿಂದ ಯಾವ ಪಕ್ಷವೆಂದು ಗುರುತಾಗುತ್ತದೆ.

ಶಾಲೆಯಲ್ಲಿ ಯುದ್ಧದ ಆಟವೇ ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಕೇಳಲೇಬೇಕಾದ ಪ್ರಶ್ನೆ. ವೆಲ್ಸ್ ತನ್ನ ಪುಸ್ತಕದಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾನೆ: ಆಟಿಕೆಯ ಯುದ್ಧ ಆಡಿ ನೋಡಿದವನಿಗೆ ನಿಜವಾದ ಯುದ್ಧ ಎಂಥ ಎಡವಟ್ಟಿನ ಕೆಲಸವೆಂದು ಅರಿವಾಗುತ್ತದೆ ಎಂಬುದು ಅವನ ವಾದ. ಬಿಲ್ಲೆಗೆ ಹಳ್ಳಿಯ ಹೆಸರಿಡಿ ಎಂದು ನಾನು ಕೇಳಿದ್ದೂ ಇದಕ್ಕೇ. ಆಟ ಮುಗಿದ ಮೇಲೆ ಯಾವ ಹಳ್ಳಿಯ ಪಕ್ಕ ಎಷ್ಟು ಹುರುಳಿ ಕಾಳು ಬಿದ್ದಿವೆ ನೋಡಿ, ಆ ವರ್ಷ ಆ ಊರಿನಲ್ಲಿ ರಾಗಿ ಕೊಯ್ಯುವವರು ಯಾರು ಎಂದು ಮಕ್ಕಳಿಂದ ಬರೆಸಿ.

ಇದಕ್ಕಿಂತ ದೊಡ್ಡ ಎಚ್ಚರಿಕೆ ಒಂದಿದೆ. ಪಕ್ಷಗಳನ್ನು ಎಂದೂ ಮಕ್ಕಳ ಹೆಸರು, ಜಾತಿ, ಧರ್ಮ ನೋಡಿ ಹಂಚಬೇಡಿ. ಚೀಟಿ ಎತ್ತಿಸಿ, ಅರ್ಧ ಆಟವಾದ ಮೇಲೆ ಕಡೆ ಬದಲಿಸಿ. ಆ ಕಾಲದ ಸೈನ್ಯಗಳೂ ಇಂದು ನಾವು ಎಳೆಯುವ ಗೆರೆಗಳ ಮೇಲೆ ನಿಂತಿರಲಿಲ್ಲ. ಬಿಜಾಪುರದ ರಣದುಲ್ಲಾ ಖಾನನ ಜೊತೆ ಕರ್ನಾಟಕಕ್ಕೆ ದಂಡೆತ್ತಿ ಬಂದವನು ಶಿವಾಜಿಯ ತಂದೆ ಷಹಾಜಿ. ಇದನ್ನು ಹೇಳಿಕೊಡದೆ ಶಿರಾದ ಆಟ ಆಡಿಸುವುದಾದರೆ ಆಡಿಸದಿರುವುದೇ ಮೇಲು.

ಶುರುವಿಗೆ ಇಡೀ ಬೆಟ್ಟ ಬೇಡ. ಒಂದು ಬಾಗಿಲು, ಎರಡು ಕಡೆಗೂ ಎಂಟೆಂಟು ಬಿಲ್ಲೆ, ಸೆಂಟಿಮೀಟರಿನ ಅಳತೆ, ನಾಲ್ಕು ಕವಡೆ, ಒಂದು ಪೀರಿಯಡ್ಡು. ಅದು ಕೈಹಿಡಿದ ಮೇಲೆ ಇಂಚಿಗೆ ಬನ್ನಿ, ಬೆಟ್ಟಕ್ಕೆ ಬನ್ನಿ. ನನ್ನ ನಿಯಮಗಳನ್ನು ಹಾಗೆಯೇ ಒಪ್ಪಬೇಕಿಲ್ಲ; ಮಕ್ಕಳು ಬೆಟ್ಟ ಹತ್ತಿ ಬಂದು ಹೇಳಿದ್ದಕ್ಕೂ ನನ್ನ ಲೆಕ್ಕಕ್ಕೂ ತಾಳೆಯಾಗದಿದ್ದರೆ ಮಕ್ಕಳ ಮಾತನ್ನೇ ಉಳಿಸಿ. ದಸರಾ ರಜೆಯಲ್ಲಿ ಗೊಂಬೆ ಮತ್ತು ನೆಲ ಸಿದ್ಧವಾಗಲಿ. ಪ್ರತಿ ತಾಲ್ಲೂಕಿನಿಂದ ಒಂದು ಕೋಟೆಯ ನಕ್ಷೆ, ಒಂದು ಹಾಳೆ ನಿಯಮ ತಯಾರಾಗಿ ಉಳಿದ ಮೂರು ತಾಲ್ಲೂಕುಗಳ ಶಾಲೆಗಳಿಗೆ ಹೋಗಲಿ. ವರ್ಷ ಮುಗಿಯುವುದರೊಳಗೆ ಪಾವಗಡದ ಮಕ್ಕಳು ಶಿರಾದ ಕೋಟೆಯನ್ನೂ ಕೊರಟಗೆರೆಯ ಮಕ್ಕಳು ಮಧುಗಿರಿಯ ಬೆಟ್ಟವನ್ನೂ ಆಡಿರಲಿ. ಈ ಕೆಲಸವನ್ನು ನೀವು ಕೈಗೆತ್ತಿಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇನೆ.

ಇತಿ,
ನಿಮ್ಮ ಸೀಮೆಯ ಕೋಟೆಗಳನ್ನು ಪ್ರೀತಿಸುವ ಒಬ್ಬ ಆಟಗಾರ